ಜರಾ ಥಾಂಬಾ, ವಿಚಾರಿಸಬೇಕು

ಮುಂಬೈ ಲೋಕಲ್‌ನಲ್ಲಿ ದಿನಾ ಓಡಾಡುವವರಿಗೆ ಒಂದು ಪ್ರಶ್ನೆ ಕಿವಿಯಲ್ಲಿ ಕೂತುಬಿಟ್ಟಿರುತ್ತದೆ. ಹಿಂದೆ ನಿಂತವರು ಭುಜ ತಟ್ಟಿ ಕೇಳುತ್ತಾರೆ: "ದಾದರ್‌ಲಾ ಉತರಣಾರ್ ಕಾ?" ದಾದರಿನಲ್ಲಿ ಇಳೀತೀರಾ ಅಂತ. ಹೌದು ಅಂದರೆ ನಿಮ್ಮ ಬೆನ್ನ ಹಿಂದೆ ನಿಲ್ಲುತ್ತಾರೆ. ಇಲ್ಲ ಅಂದರೆ ಜಾಗ ಅದಲುಬದಲು. ನೀವು ಒಳಗೆ, ಅವರು ಬಾಗಿಲ ಹತ್ತಿರ. ಇದು ದಾದರ್ ಬಂದ ಮೇಲೆ ಅಲ್ಲ, ಹಿಂದಿನ ಸ್ಟೇಷನ್ ಬಿಡುತ್ತಿದ್ದ ಹಾಗೇ ಶುರುವಾಗುತ್ತದೆ. ಗಾಡಿ ನಿಲ್ಲುವುದು ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟರಲ್ಲಿ ಅಷ್ಟೊಂದು ಜನ ಇಳಿದು, ಅಷ್ಟೇ ಜನ ಹತ್ತುವುದು ಹೇಗೆ ಅಂತ ಊರಿನವರು ನನ್ನನ್ನು ಕೇಳುತ್ತಾರೆ. ಐದು ನಿಮಿಷ ಮೊದಲೇ ಕೇಳಿಕೊಂಡ ಆ ಒಂದು ಮಾತಿನಿಂದ ಅಂತ ನಾನು ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. 1998ರಲ್ಲಿ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದೆ. ಮುಂಬೈ ಅಂದ್ರೆ ಬರೀ ಓಟ, ಅಲ್ಲಿ ಯಾರಿಗೂ ನಿಂತು ಮಾತಾಡೋಕೆ ಪುರುಸೊತ್ತಿಲ್ಲ ಅನ್ನುವ ಮಾತನ್ನು ಬಟ್ಟೆಬರೆ ಜೊತೆಗೇ ಕಟ್ಟಿಕೊಂಡು ಬಂದಿದ್ದೆ. ಇಷ್ಟು ವರ್ಷ ಕಳೆದ ಮೇಲೆ ನನಗೆ ಅನಿಸುವುದೇ ಬೇರೆ. ಈ ಊರು ಓಡುತ್ತದೆ, ನಿಜ. ಆದರೆ ಕೇಳಿಕೊಂಡು ಓಡುತ್ತದೆ. ನಮ್ಮ ಕಡೆಯವರು ನಿಧಾನಸ್ಥರು. ಆರಾಮಾಗಿ ಜಗಲಿಯಲ್ಲಿ ಕೂರುತ್ತೇವೆ, ಎಲೆ ಅಡಿಕೆ ಹಾಕುತ್ತೇವೆ, ಒಂದು ವಿಷಯಕ್ಕೆ ನಾಲ್ಕು ಸಲ 'ನೋಡೋಣ' ಅನ್ನುತ್ತೇವೆ. ಆದರೆ ಕೇಳಲೇಬೇಕಾದ ಮಾತನ್ನು ಮಾತ್ರ ಕೇಳುವುದಿಲ್ಲ. ಕೊನೆಗೆ ಸುಮ್ನೆ 'ಹೂಂ' ಅಂದುಬಿಡುತ್ತೇವೆ. ನಿಧಾನ ಬೇರೆ, ವಿಚಾರಿಸುವುದು ಬೇರೆ. ಇದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಬಂದ ಮೊದಲ ವಾರ ನಡೆದದ್ದು ಹೇಳುತ್ತೇನೆ. ಆಗ ವಿಕ್ರೋಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ವಿಕ್ರೋಳಿಯಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ, ಸ್ಲೋ ಅಂದರೆ ಎಸ್ ಅಂತ ಮಾವ ಹೇಳಿಕೊಟ್ಟಿದ್ದರು. ಸಂಜೆ ದಾದರಿನಲ್ಲಿ ನಿಂತಿದ್ದೆ. ಇಂಡಿಕೇಟರಿನಲ್ಲಿ ದೊಡ್ಡದಾಗಿ ಎಸ್ ಕಂಡಿತು. ಹತ್ತಿಬಿಟ್ಟೆ. ಪಕ್ಕದಲ್ಲಿದ್ದ ಎಫ್ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಸೆಂಟ್ರಲ್ ಲೈನಿನಲ್ಲಿ ಮೊದಲು ಬರುವ ಎಸ್ ಅಂದರೆ ಕರ್ಜತ್, ಎನ್ ಅಂದರೆ ಕಸಾರಾ. ಅದು ಕರ್ಜತ್ ಫಾಸ್ಟ್. ಘಾಟ್ಕೋಪರ್ ಬಿಟ್ಟಿತು, ಇನ್ನೇನು ವಿಕ್ರೋಳಿ ಅಂತ ನೂಕಿಕೊಂಡು ಬಾಗಿಲ ಹತ್ತಿರ ಬಂದೆ. ವಿಕ್ರೋಳಿಯ ಬೋರ್ಡು ಕಣ್ಣ ಮುಂದೆಯೇ ಸರ್ರನೆ ಹಿಂದೆ ಸರಿಯಿತು. ಪ್ಲಾಟ್‌ಫಾರ್ಮಿನ ಮೇಲೆ ನಿಂತವರ ಮುಖ ಕೂಡ ಕಾಣಲಿಲ್ಲ, ಬರೀ ಬಣ್ಣ ಕಂಡಿತು. ಥಾಣೆ ಸ್ಟೇಷನ್ನಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿದು ಮನೆ ಮುಟ್ಟುವಾಗ ರಾತ್ರಿ ಹತ್ತಾಗಿತ್ತು. ಮಾವ ಊಟ ಮಾಡದೆ ಕಾದಿದ್ದರು.

"ಪಕ್ಕದಲ್ಲಿ ನಿಂತವರನ್ನ ಕೇಳೋಕೆ ಏನಾಗಿತ್ತೋ? ವಿಕ್ರೋಳಿ ರುಕೇಗಾ ಕ್ಯಾ ಅಂದ್ರೆ ಸಾಕಿತ್ತು. ಇಲ್ಲಿ ಕೇಳಿದ್ರೆ ಯಾರೂ ನಗಲ್ಲ" ಅಂದರು.

ಆ ಕೊನೆಯ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ಕೇಳದೇ ಇದ್ದದ್ದಕ್ಕೆ ನಿಜವಾದ ಕಾರಣ ಅದೇ. ನಗುತ್ತಾರೆ, ಹಳ್ಳಿಯವನು ಅಂದುಕೊಳ್ಳುತ್ತಾರೆ ಅನ್ನುವ ಭಯ. ಈ ಭಯ ನಮಗೆ ಎಲ್ಲಿಂದ ಅಂಟಿಕೊಂಡಿತು? ನಾನು ತುಂಬ ಯೋಚಿಸಿದ್ದೇನೆ. ಶಾಲೆಯಲ್ಲಿ ಮೇಷ್ಟ್ರು ಲೆಕ್ಕ ಮುಗಿಸಿ 'ಅರ್ಥ ಆಯ್ತಾ?' ಅಂದರೆ ನಲವತ್ತು ಮಕ್ಕಳೂ ಒಂದೇ ದನಿಯಲ್ಲಿ 'ಆಯ್ತು ಸಾರ್' ಅನ್ನುತ್ತಿದ್ದೆವು. ಅರ್ಥವಾಗದವರು ಜೋರಾಗಿ ಅನ್ನುತ್ತಿದ್ದರು. ಮನೆಯಲ್ಲಿ 'ಯಾಕೆ' ಅಂದರೆ 'ಎದುರು ಮಾತಾಡಬೇಡ' ಅನ್ನುವ ಉತ್ತರ. ಹೊರಟು ನಿಂತವರನ್ನು 'ಎಲ್ಲಿಗೆ' ಅಂತ ಕೇಳುವುದೇ ಅಪಶಕುನ ನಮ್ಮಲ್ಲಿ. 'ದೂರ ಹೊರಟ್ರಾ?' ಅಂತ ಸುತ್ತಿ ಬಳಸಿ ಕೇಳಬೇಕು. ಅದರಲ್ಲಿ ಒಂದು ಚೆಂದ ಇದೆ, ಒಪ್ಪುತ್ತೇನೆ. ಹೊರಟವರ ಮನಸ್ಸಿಗೆ ಕಿರಿಕಿರಿ ಆಗಬಾರದು ಅನ್ನುವ ಕಾಳಜಿ ಅದು. ಆದರೆ ಸುತ್ತಿ ಬಳಸಿ ಕೇಳಿ ಕೇಳಿ, ನೇರವಾಗಿ ಕೇಳುವುದೇ ತಪ್ಪು ಅಂತ ಆಗಿಹೋಯಿತು.

ಇನ್ನೊಂದು ಇದೆ, ದಾಕ್ಷಿಣ್ಯ. ಈ ಪದವನ್ನು ನನ್ನ ಮರಾಠಿ ಗೆಳೆಯರಿಗೆ ಬಿಡಿಸಿ ಹೇಳಲು ಎಷ್ಟೋ ಸಲ ಒದ್ದಾಡಿದ್ದೇನೆ. ದಾರಿ ಕೇಳಿದರೆ, ಗೊತ್ತಿಲ್ಲದಿದ್ದರೂ 'ಇಲ್ಲೇ ಸ್ವಲ್ಪ ಮುಂದೆ' ಅಂತ ಹೇಳಿ ಕಳಿಸುವುದು ದಾಕ್ಷಿಣ್ಯ. ಇಲ್ಲಿಯವರು 'ಪತಾ ನಹೀ' ಅಂದು ಮುಂದೆ ಹೋಗುತ್ತಾರೆ. ಮೊದಮೊದಲು ಒರಟು ಅನಿಸಿತ್ತು. ಈಗ ಅದೇ ದೊಡ್ಡ ಉಪಕಾರ ಅನಿಸುತ್ತದೆ. ಗೊತ್ತಿಲ್ಲ ಅಂದವರು ನಮ್ಮ ಒಂದು ಮೈಲಿ ಉಳಿಸಿರುತ್ತಾರೆ.

ದಾಕ್ಷಿಣ್ಯಕ್ಕೆ ನಮ್ಮ ಮನೆ ಕೊಟ್ಟ ಬೆಲೆ ದೊಡ್ಡದು. 2001ರಲ್ಲಿ, ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಹೊತ್ತು. ಊರಲ್ಲಿ ಎಲ್ಲರೂ ಮರ್ಯಾದೆ ಕೊಡುವ ಒಬ್ಬರು ಮನೆಗೆ ಬಂದರು. ಒಂದು ಠೇವಣಿ ಸಂಸ್ಥೆ, ಬ್ಯಾಂಕಿನ ಎರಡರಷ್ಟು ಬಡ್ಡಿ. ನಾನು ರಜೆಗೆ ಹೋಗಿದ್ದೆ, ಜಗಲಿಯಲ್ಲೇ ಕೂತಿದ್ದೆ. ಎರಡು ಗಂಟೆ ಮಾತಾಡಿದರು. ಮಳೆ, ಕೊಳೆರೋಗ, ಅಡಿಕೆ ಧಾರಣೆ, ಯಾರದೋ ಮಗಳ ಮದುವೆ. ಚಿಕ್ಕಮ್ಮ ಎರಡು ಸಲ ಕಾಫಿ ತಂದು ಕೊಟ್ಟಳು. ಆ ಎರಡು ಗಂಟೆಯಲ್ಲಿ ಸಂಸ್ಥೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. "ನಾನಿದ್ದೀನಲ್ಲ" ಅಂದರು ಅವರು. "ನೀವು ಹೇಳಿದ ಮೇಲೆ ಮುಗೀತು ಬಿಡಿ" ಅಂದರು ಅಪ್ಪ. 1,20,000 ರೂಪಾಯಿ. ಎರಡು ವರ್ಷಕ್ಕೆ ಬಾಗಿಲು ಮುಚ್ಚಿತು. ಮನೆಗೆ ಬಂದಿದ್ದವರ ದುಡ್ಡೂ ಅದರಲ್ಲೇ ಹೋಯಿತಂತೆ. ಅವರೂ ಯಾರನ್ನೋ ನಂಬಿ, ಕೇಳದೇ ಇಟ್ಟವರೇ.

ನನಗೆ ಇವತ್ತಿಗೂ ಸಂಕಟ ಆಗುವುದು ಏನಂದರೆ, ಅಪ್ಪ ಕೇಳದ ಮನುಷ್ಯ ಅಲ್ಲ. ಮಳೆಗಾಲಕ್ಕೆ ಮೊದಲು ಅಡಿಕೆಗೆ ಔಷಧಿ ಹೊಡೆಸುವಾಗ ಅವರನ್ನು ನೋಡಬೇಕಿತ್ತು. ಮೈಲುತುತ್ತ ಬೇರೆ ಪಾತ್ರೆಯಲ್ಲಿ, ಸುಣ್ಣ ಬೇರೆ ಪಾತ್ರೆಯಲ್ಲಿ ಕರಗಿಸಿ, ಆಮೇಲೆ ಬೆರೆಸಿ ಬೋರ್ಡೋ ದ್ರಾವಣ ಮಾಡುತ್ತಾರಲ್ಲ, ಅದು ತಯಾರಾದ ಕೂಡಲೇ ಮರ ಹತ್ತಲು ಯಾರನ್ನೂ ಬಿಡುತ್ತಿರಲಿಲ್ಲ. "ತಡಿ" ಅನ್ನುತ್ತಿದ್ದರು. ಉಜ್ಜಿ ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಮೇಲೆತ್ತಿ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಳೆ ಕಾಯಿ, ಹಿಂಗಾರ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿಸಿ, ಮತ್ತೆ ಅದ್ದಿ, ಅಲಗು ಬೆಳ್ಳಗೆ ಬಂದ ಮೇಲೆಯೇ "ಹೂಂ, ಹತ್ತು" ಅನ್ನುತ್ತಿದ್ದರು. ಕೊನೆಗಾರ ಎಷ್ಟೇ ಅವಸರ ಮಾಡಲಿ, ಮೋಡ ಎಷ್ಟೇ ಕಟ್ಟಿರಲಿ, ಆ ಐದು ನಿಮಿಷ ಬಿಡುತ್ತಿರಲಿಲ್ಲ.

ಔಷಧಿಗೆ ಕತ್ತಿ ಅದ್ದಿ ನೋಡಿದವರು, ಮನುಷ್ಯರ ಮಾತಿಗೆ ಅದ್ದಿ ನೋಡಲಿಲ್ಲ. ಔಷಧಿಗೆ ಬೇಜಾರಾಗುವುದಿಲ್ಲ. ಮನುಷ್ಯರಿಗೆ ಆಗುತ್ತದೆ ಅನ್ನುವ ಹೆದರಿಕೆ ಅವರಿಗೆ.

ಇದಕ್ಕೆ ಎದುರಾಗಿ ನಾನು ಇಲ್ಲಿ ಕಂಡದ್ದನ್ನು ಇಡುತ್ತೇನೆ. ನಾವಿರುವುದು ಮುಲುಂಡಿನಲ್ಲಿ. 28 ಮನೆಗಳ ಹಳೆಯ ಸೊಸೈಟಿ. ಮುಂಬೈಯ ಹಳೇ ಕಟ್ಟಡಗಳಲ್ಲಿ ಈಗ ಒಂದೇ ಮಾತು, ರಿಡೆವಲಪ್‌ಮೆಂಟ್. ಹಳೆಯದನ್ನು ಕೆಡವಿ, ಬಿಲ್ಡರ್ ದೊಡ್ಡ ಕಟ್ಟಡ ಕಟ್ಟಿ, ನಮಗೆ ಹೊಸ ಮನೆ ಕೊಟ್ಟು, ಉಳಿದದ್ದನ್ನು ಮಾರಿಕೊಳ್ಳುತ್ತಾನೆ. ಕಟ್ಟುವವರೆಗೆ ನಾವು ಬೇರೆ ಕಡೆ ಇರಲು ಬಾಡಿಗೆಯನ್ನೂ ಅವನೇ ಕೊಡಬೇಕು. ಇದರಲ್ಲಿ ಬೀದಿಗೆ ಬಿದ್ದವರ ಕಥೆ ಇಲ್ಲಿ ಮನೆಮನೆಗೂ ಗೊತ್ತು. ಅರ್ಧ ಕಟ್ಟಿ ಬಿಟ್ಟ ಕಟ್ಟಡ, ನಿಂತುಹೋದ ಬಾಡಿಗೆ, ಹತ್ತು ವರ್ಷ ಕೋರ್ಟು. ಅದಕ್ಕೇ ಇರಬೇಕು, ಮಹಾರಾಷ್ಟ್ರ ಸರ್ಕಾರ ಸಹಕಾರ ಸಂಘಗಳ ಕಾಯ್ದೆಯ 79-ಎ ಕೆಳಗೆ 2009ರಲ್ಲಿ ಒಂದು ಮಾರ್ಗಸೂಚಿ ತಂದಿತು. 2019ರಲ್ಲಿ ಅದನ್ನು ತಿದ್ದಿ ಹೊಸದು ಹೊರಡಿಸಿತು. ಮೊದಲು ಸಲಹೆಗಾರರ ವರದಿ, ಆಮೇಲೆ ಟೆಂಡರ್, ಆಮೇಲೆ ವಿಶೇಷ ಸಭೆ. ಸಭೆಗೆ ಮೂರನೇ ಎರಡು ಭಾಗ ಸದಸ್ಯರು ಹಾಜರಿರಬೇಕು. ಬಿಲ್ಡರನ್ನು ಆರಿಸುವ ಸಭೆಯಲ್ಲಿ ರಿಜಿಸ್ಟ್ರಾರ್ ಕಡೆಯವರು ಇರಬೇಕು, ವಿಡಿಯೋ ಆಗಬೇಕು. ಓದಿದರೆ ಬರೀ ಅಡ್ಡಿ ಆತಂಕ ಅನಿಸುತ್ತದೆ. ನನಗೆ ಮಾತ್ರ ಅದು ಅಪ್ಪನ ಕತ್ತಿಯ ಅಲಗಿನ ಹಾಗೆ ಕಾಣುತ್ತದೆ. 'ತಡಿ' ಅನ್ನುವುದನ್ನೇ ಅವರು ಕಾಗದದ ಮೇಲೆ ಬರೆದಿಟ್ಟಿದ್ದಾರೆ.

ನಮ್ಮ ಸಭೆ ನಡೆದದ್ದು 2022ರಲ್ಲಿ. ಕಟ್ಟಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಒಂದು ಪರದೆ ಕಟ್ಟಿದ್ದರು. ಬಿಲ್ಡರ್ ಕಡೆಯ ಹುಡುಗ ಬಣ್ಣಬಣ್ಣದ ಚಿತ್ರ ತೋರಿಸಿದ. 420 ಚದರಡಿಯ ಮನೆಗೆ 560. ಎಲ್ಲರ ಮುಖವೂ ಅರಳಿತು, ನನ್ನದೂ ಸೇರಿ. ಕಾರ್ಯದರ್ಶಿ "ಮಂಜೂರ್ ಆಹೇ ಕಾ?" ಅಂದರು. ಕೈಗಳು ಮೇಲೇಳುತ್ತಿದ್ದವು. ಆಗ ಎರಡನೇ ಸಾಲಿನಿಂದ ಒಂದು ದನಿ: "ಜರಾ ಥಾಂಬಾ. ಮಲಾ ವಿಚಾರಾಯ್ಚಂ ಆಹೇ." ಸ್ವಲ್ಪ ತಡೀರಿ, ನನಗೆ ಕೇಳುವುದಿದೆ.

ಮಹಾನಗರಪಾಲಿಕೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು. ನಾವೆಲ್ಲ 'ಬಾಯಿ' ಅನ್ನುತ್ತೇವೆ, ಮರಾಠಿಯಲ್ಲಿ ಟೀಚರಮ್ಮ ಅಂದ ಹಾಗೆ. ಕೈಯಲ್ಲಿ ದರ್ಜಿಗಳು ಬಳಸುವ ಹಳೆಯ ಟೇಪು ಹಿಡಿದು ಬಂದಿದ್ದರು.

"ಈ 560 ಯಾವ ಕಾರ್ಪೆಟ್? ಮೋಫಾ ಕಾರ್ಪೆಟ್ಟೋ, ರೇರಾ ಕಾರ್ಪೆಟ್ಟೋ?"

ಹುಡುಗ ರೇರಾ ಅಂದ. ಕಾರ್ಪೆಟ್ ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗದ ಅಳತೆ. ಮನೆ ಕಟ್ಟಿ ಮಾರುವವರಿಗೆ ಮೋಫಾ ಹಳೆಯ ಕಾಯ್ದೆ, ರೇರಾ 2016ರ ಕಾಯ್ದೆ. ರೇರಾ ಪ್ರಕಾರ ಮನೆಯೊಳಗಿನ ಅಡ್ಡಗೋಡೆಗಳ ಜಾಗವೂ ಕಾರ್ಪೆಟ್ ಲೆಕ್ಕಕ್ಕೆ ಬರುತ್ತದೆ. ನಮ್ಮ ಹಳೆಯ 420 ಗೋಡೆ ಬಿಟ್ಟು ಅಳೆದದ್ದು. "ಹಳೇ ಮನೆಯನ್ನ ಒಂದು ಅಳತೆ, ಹೊಸ ಮನೆಯನ್ನ ಇನ್ನೊಂದು ಅಳತೆ ಯಾಕೆ? ಅದೇ ಟೇಪಿನಲ್ಲಿ ಅಳೆದು ಎಷ್ಟು ಅಂತ ಹೇಳು ಬಾಳಾ" ಅಂದರು. ಬಾಳಾ ಅಂದರೆ ಮಗೂ ಅಂತ. ಹುಡುಗ ಫೋನ್ ಹಿಡಿದು ಆಚೆ ಹೋಗಿ ಲೆಕ್ಕ ಹಾಕಿಕೊಂಡು ಬಂದ. 25 ಚದರಡಿ ಕಡಿಮೆಯಾಯಿತು. 25 ಚದರಡಿ ಅಂದರೆ ಮುಂಬೈಯಲ್ಲಿ ಒಂದು ಬಚ್ಚಲುಮನೆ.

ಬಾಯಿ ಕೂರಲಿಲ್ಲ. ಎರಡು ವರ್ಷ ಬಾಡಿಗೆ ಅಂದ್ರಿ, ಮೂರನೇ ವರ್ಷಕ್ಕೆ ಹೋದರೆ? ಬ್ಯಾಂಕ್ ಗ್ಯಾರಂಟಿ ಯಾವಾಗ ಕೈಗೆ ಕೊಡ್ತೀರಿ, ಮನೆ ಖಾಲಿ ಮಾಡುವ ಮೊದಲೋ ಆಮೇಲೋ? ವಾಸ ಮಾಡಬಹುದು ಅನ್ನುವ ಪಾಲಿಕೆಯ ಪತ್ರ, ಓಸಿ, ಬರದೆ ಕೀಲಿ ಕೊಡುವುದಿಲ್ಲ ಅಂತ ಬರೆದುಕೊಡ್ತೀರಾ? ಅಷ್ಟು ಎತ್ತರದ ಕಟ್ಟಡಕ್ಕೆ ತಿಂಗಳ ಮೇಂಟೆನೆನ್ಸ್ ಎಷ್ಟಾಗುತ್ತದೆ, ಪಿಂಚಣಿಯವರು ಕಟ್ಟೋದು ಹೇಗೆ? ಒಂದೊಂದು ಪ್ರಶ್ನೆ ಬಿದ್ದ ಹಾಗೂ ಪಕ್ಕದವರಿಗೂ ಒಂದೊಂದು ಹೊಳೆಯಿತು. ಗುಜರಾತಿ ಅಂಗಡಿಯವರು ಪಾರ್ಕಿಂಗ್ ಬಗ್ಗೆ ಕೇಳಿದರು. ಗಾಲಿ ಕುರ್ಚಿಯಲ್ಲಿರುವ ಅಜ್ಜನ ಸೊಸೆ ಲಿಫ್ಟಿನ ಬಾಗಿಲ ಅಗಲ ಎಷ್ಟು ಅಂತ ಕೇಳಿದಳು. ನಾನೂ ಎದ್ದು ನಿಂತು, ಬಾಡಿಗೆ ತಡವಾದರೆ ಬಡ್ಡಿ ಸೇರುತ್ತದಾ ಅಂತ ಕೇಳಿದೆ. ನನ್ನ ದನಿ ನಡುಗುತ್ತಿತ್ತು. ಯಾರೂ ನಗಲಿಲ್ಲ.

ತೀರ್ಮಾನ ಮೂರು ವಾರ ಮುಂದೆ ಹೋಯಿತು. ನಾನು ಕಾದಿದ್ದೆ, ಈಗ ಯಾರಾದರೂ ಸಿಟ್ಟಾಗುತ್ತಾರೆ, 'ನಮ್ಮ ಮೇಲೆ ನಂಬಿಕೆ ಇಲ್ವಾ' ಅನ್ನುತ್ತಾರೆ ಅಂತ. ಯಾರೂ ಅನ್ನಲಿಲ್ಲ. ಹುಡುಗ ಎಲ್ಲವನ್ನೂ ಬರೆದುಕೊಂಡ. ಬಟಾಟೆವಡೆ ತಿನ್ನುತ್ತಾ ಬಾಯಿಯ ಪಕ್ಕದಲ್ಲೇ ಕೂತು, ಅವರ ಟೇಪನ್ನು ಕೈಗೆ ತೆಗೆದುಕೊಂಡು ನೋಡಿದ. ಆಮೇಲೆ ಬಂದ ಕರಾರಿನಲ್ಲಿ ಆ ಎಲ್ಲ ಪ್ರಶ್ನೆಗಳಿಗೂ ಒಂದೊಂದು ಸಾಲು ಇತ್ತು. ನಮ್ಮೂರಿನ ಜಗಲಿಯಲ್ಲಾಗಿದ್ದರೆ ಆ ಒಂದು 'ಥಾಂಬಾ'ಕ್ಕೆ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತಿತ್ತು. ಇದನ್ನು ಬರೆಯಲು ನನಗೆ ನೋವಿದೆ, ಆದರೆ ನಿಜ.

ಆ ದಿನ ಒಂದು ಪದ ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಮರಾಠಿಯಲ್ಲಿ 'ವಿಚಾರ್ ಕರಣೆ' ಅಂದರೆ ಯೋಚಿಸುವುದು. 'ವಿಚಾರಣೆ' ಅಂದರೆ ಕೇಳುವುದು, ಸುಮ್ನೆ ದಿನದ ಮಾತಿನಲ್ಲಿ, 'ಅಮ್ಮನ್ನ ಕೇಳು' ಅನ್ನುವಷ್ಟು ಸಲೀಸಾಗಿ. ನಮ್ಮಲ್ಲಿ ಅದೇ 'ವಿಚಾರಣೆ' ಅಂದರೆ ಪೊಲೀಸು, ಕೋರ್ಟು ನೆನಪಾಗುತ್ತದೆ. ಯಾರೋ ತಪ್ಪು ಮಾಡಿದ್ದಾರೆ ಅನ್ನುವ ವಾಸನೆ ಹೊಡೆಯುತ್ತದೆ. ಆದರೆ ನಮ್ಮಲ್ಲೂ ಈ ಪದಕ್ಕೆ ಇನ್ನೊಂದು ಮುಖ ಇದೆ. ಧಾರವಾಡದ ಕಡೆಯವರು 'ವಿಚಾರ ಮಾಡಿ ಹೇಳ್ತೀನ್ರಿ' ಅನ್ನುತ್ತಾರೆ. ಮನೆಗೆ ಬಂದ ನೆಂಟರನ್ನು 'ಚೆನ್ನಾಗಿ ವಿಚಾರಿಸಿಕೊಂಡರು' ಅನ್ನುತ್ತೇವೆ. ಕಾಯಿಲೆಯವರನ್ನು 'ವಿಚಾರಿಸಿಕೊಂಡು ಬಂದೆ' ಅನ್ನುತ್ತೇವೆ. ಯೋಚಿಸುವುದು, ಕೇಳುವುದು, ಕಾಳಜಿ ಮಾಡುವುದು, ಮೂರೂ ಒಂದೇ ಪದದಲ್ಲಿ ನಮ್ಮ ನಾಲಿಗೆಯ ಮೇಲೇ ಇವೆ. ಬಾಯಿ ಅವತ್ತು ಮಾಡಿದ್ದು ಆ ಮೂರನ್ನೂ. ಲಿಫ್ಟಿನ ಬಾಗಿಲ ಪ್ರಶ್ನೆ ಬಿಲ್ಡರ್ ಮೇಲಿನ ಅನುಮಾನ ಅಲ್ಲ, ಅದು ಅಜ್ಜನ ಮೇಲಿನ ಪ್ರೀತಿ, ಅಲ್ವಾ?

ಹಾಗಂತ ನಮ್ಮ ಕಡೆಯವರಿಗೆ ವಿಚಾರಿಸುವುದೇ ಗೊತ್ತಿಲ್ಲ ಅಂದರೆ ಅನ್ಯಾಯ. ಮದುವೆ ಮಾತು ಬರಲಿ, ನೋಡಿ. ಹುಡುಗ ಮುಂಬೈಯಲ್ಲಿದ್ದಾನೆ ಅಂದರೆ ನನಗೆ ಊರಿಂದ ಮೂರು ಫೋನ್ ಬರುತ್ತವೆ. ಯಾವ ಏರಿಯಾ, ಸ್ವಂತ ಮನೆಯೋ ಬಾಡಿಗೆಯೋ, ಒಂದು ಸಲ ಹೋಗಿ ನೋಡ್ಕೊಂಡು ಬಾ. ನಾನು ಎರಡು ಸಲ ಗೋರೆಗಾಂವ್‌ಗೆ, ಒಂದು ಸಲ ಕಲ್ಯಾಣಕ್ಕೆ ಹೋಗಿ ನೋಡಿ ಬಂದಿದ್ದೇನೆ. ಹೊಸ ಮನೆ, ಬಾವಿ ಅಂದರೆ ದೇವಸ್ಥಾನಕ್ಕೆ ಹೋಗಿ ಹೂ ಕೇಳುತ್ತೇವೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಹೂ ಬೀಳುವವರೆಗೆ ಗಂಟೆಗಟ್ಟಲೆ ಕೈಮುಗಿದು ಕೂರುವ ತಾಳ್ಮೆ ನಮಗಿದೆ. ದೇವರನ್ನು ಕೇಳಲು ಸಂಕೋಚ ಇಲ್ಲ. ಎದುರಿಗೆ ಕುರ್ಚಿಯಲ್ಲಿ ಕೂತ ಮನುಷ್ಯನನ್ನು ಕೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆ ಮಾಡಿದವರೂ ನಾವೇ. ಅಂದರೆ ಈ ತಪ್ಪು ನಮ್ಮ ಹಿರಿಯರಿಗೂ ಕಂಡಿತ್ತು.

ಕೇಳುವುದರಿಂದ ಜೀವ ಉಳಿಯುತ್ತದೆ ಅನ್ನುವುದು ನನ್ನ ಪಾಲಿಗೆ ಬರೀ ಮಾತಲ್ಲ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ. ನನ್ನ ಆಫೀಸು ಇದ್ದದ್ದು ಫೋರ್ಟಿನಲ್ಲಿ. ಅಲ್ಲಿಗೆ ಹತ್ತಿರದ ಕೊಲಾಬಾದಲ್ಲಿ ಆದದ್ದು 73 ಮಿಲಿಮೀಟರ್ ಅಷ್ಟೇ. ಊರಿನ ಆ ತುದಿ ಮುಳುಗುತ್ತಿದೆ ಅಂತ ಈ ತುದಿಯಲ್ಲಿದ್ದ ನಮಗೆ ಗೊತ್ತೇ ಇರಲಿಲ್ಲ. ಗಾಡಿ ನಿಂತಿವೆ ಅಂದರು, ಬಸ್ಸಿನಲ್ಲಿ ಸಾಯನ್‌ವರೆಗೆ ಬಂದೆ, ಆಮೇಲೆ ನಡೆಯೋಣ ಅಂತ ಕುರ್ಲಾ ಕಡೆ ಇಳಿದೆ. ನೀರು ಪಾದಕ್ಕೆ, ಆಮೇಲೆ ಮೊಣಕಾಲಿಗೆ. ಕತ್ತಲು. ದೀಪ ಇಲ್ಲ.

ಎದುರಿನಿಂದಲೂ ಜನ ಬರುತ್ತಿದ್ದರು. ಹೋಗುವವರು ಬರುವವರನ್ನು ಕೇಳುತ್ತಿದ್ದರು: "ಆಗೇ ಪಾನೀ ಕಹಾಂ ತಕ್?" ಮುಂದೆ ನೀರು ಎಲ್ಲಿಯವರೆಗೆ ಅಂತ. ಬರುವವರು ಮಾತಾಡುತ್ತಿರಲಿಲ್ಲ, ಸುಸ್ತಾಗಿದ್ದರು. ಕೈಯನ್ನು ಮೈಮೇಲೆ ಇಟ್ಟು ತೋರಿಸುತ್ತಿದ್ದರು. ಒಬ್ಬರು ತೊಡೆ ಮುಟ್ಟಿದರು. ಇನ್ನೂರು ಹೆಜ್ಜೆ ಆದ ಮೇಲೆ ಒಬ್ಬರು ಸೊಂಟ ಮುಟ್ಟಿದರು. ಆಮೇಲೆ ಬಂದ ಒಬ್ಬ ಹುಡುಗ, ತಲೆಯ ಮೇಲೆ ಚೀಲ ಇಟ್ಟುಕೊಂಡಿದ್ದ, ತನ್ನ ಎದೆಯ ಮೇಲೆ ಅಂಗೈ ಇಟ್ಟು ತಲೆ ಅಲ್ಲಾಡಿಸಿದ. ನಾನು ಅವನಿಗಿಂತ ಗಿಡ್ಡ. ಅಲ್ಲೇ ತಿರುಗಿ ಬಂದೆ. ಸಾಯನ್‌ನ ಒಂದು ಕಟ್ಟಡದ ಮೆಟ್ಟಿಲ ಮೇಲೆ ರಾತ್ರಿ ಕಳೆದೆ. ಆ ಮನೆಯವರು ಚಹಾ ಕೊಟ್ಟರು, ಒಣ ಟವೆಲ್ ಕೊಟ್ಟರು. ಆ ಮಳೆಯಲ್ಲಿ ಈ ಊರು ನೂರಾರು ಜನರನ್ನು ಕಳೆದುಕೊಂಡಿತು. ಮಿಠೀ ನದಿಯ ನೀರು ಕುರ್ಲಾದಲ್ಲಿ ಎಷ್ಟು ಏರಿತ್ತು ಅಂತ ಮಾರನೇ ದಿನ ನೋಡಿದಾಗ ಕಾಲು ಕುಸಿಯಿತು. ಆ ಹುಡುಗನ ಅಂಗೈ ನನಗೆ ಇವತ್ತಿಗೂ ಕಾಣುತ್ತದೆ.

ಈ ಊರೂ ಯಾವಾಗಲೂ ಹೀಗೇ ಇರುವುದಿಲ್ಲ. ರೈಲ್ವೆ ಹಳಿ ದಾಟುವಾಗ ಇಲ್ಲಿಯವರು ಒಂದು ಕ್ಷಣ ನಿಲ್ಲುವುದಿಲ್ಲ. ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ, ಅದರಲ್ಲಿ ಹಳಿ ದಾಟುವವರ ಪಾಲೇ ದೊಡ್ಡದು. ಮೂರು ದಿನ ಬಾಗಿಲು ತೆರೆಯದ ಮನೆಯ ಮುಂದೆ ಹಾಲಿನ ಪ್ಯಾಕೆಟ್ ಒಂದರ ಮೇಲೊಂದು ಬಿದ್ದಿದ್ದರೂ ಪಕ್ಕದವರು ಕೇಳದೇ ಹೋಗುವುದನ್ನೂ ಕಂಡಿದ್ದೇನೆ. ನಮ್ಮೂರಲ್ಲಿ ಒಂದು ಹೊತ್ತು ಒಲೆಯ ಹೊಗೆ ಕಾಣದಿದ್ದರೆ ಯಾರಾದರೂ ಬಂದು ಕೂಗುತ್ತಾರೆ.

ಕೇಳಿದರೂ ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಈ ಊರು ಕಂಡಿದೆ. 2017ರ ಸೆಪ್ಟೆಂಬರ್ 29, ದಸರೆಯ ಹಿಂದಿನ ದಿನ. ಎಲ್ಫಿನ್‌ಸ್ಟನ್ ರೋಡ್ ಮತ್ತು ಪರೇಲ್ ಸ್ಟೇಷನ್ನಿನ ನಡುವಿನ ಕಿರಿದಾದ ಸೇತುವೆಯ ಮೇಲೆ ಕಾಲ್ತುಳಿತದಲ್ಲಿ 23 ಜನ ಸತ್ತರು. ಹೂ ಮಾರುವವರ ಹೂ ಬಿತ್ತು, 'ಫೂಲ್ ಗಿರ್ ಗಯಾ' ಅಂದದ್ದು 'ಪುಲ್ ಗಿರ್ ಗಯಾ', ಸೇತುವೆ ಬಿತ್ತು ಅಂತ ಕೇಳಿಸಿತು ಅಂತ ಬದುಕುಳಿದವರ ಕಡೆಯಿಂದ ಹೇಳಿಕೆ ಬಂತು. ಆ ನೂಕುನುಗ್ಗಲಿನಲ್ಲಿ ಯಾರು ಯಾರನ್ನು ನಿಂತು ಕೇಳಲು ಸಾಧ್ಯ? ಅವರ ಮೇಲೆ ಒಂದು ಮಾತೂ ಹೊರಿಸಬಾರದು. ಈ ಸೇತುವೆ ಸಾಲುತ್ತದಾ ಅನ್ನುವ ಪ್ರಶ್ನೆಯನ್ನು ಪ್ರಯಾಣಿಕರು ವರ್ಷಗಳಿಂದ ಕೇಳುತ್ತಲೇ ಇದ್ದರು. ಆಮೇಲೆ ಸೈನ್ಯದವರು ಬಂದು ಹೊಸ ಸೇತುವೆ ಕಟ್ಟಿ, 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಕೆಲವೇ ತಿಂಗಳಲ್ಲಿ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗ ಚಿಕ್ಕಮ್ಮನ ಮಾತಿಗೆ ಬರುತ್ತೇನೆ. ಇದನ್ನೆಲ್ಲ ಬರೆಯಲು ಕೂತದ್ದೇ ಅದರಿಂದ.

ಈಚೆಗೆ ಒಂದು ಬೆಳಿಗ್ಗೆ ಅವಳಿಗೆ ವಿಡಿಯೋ ಕಾಲ್ ಬಂತು. ಖಾಕಿ ಬಟ್ಟೆ, ಹಿಂದೆ ಬಾವುಟ. ಮುಂಬೈ ಪೊಲೀಸ್ ಅಂದರಂತೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಈಗ ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ, ಕಾಲ್ ಕಟ್ ಮಾಡಬಾರದು, ಮನೆಯವರಿಗೂ ಹೇಳಬಾರದು, ಬ್ಯಾಂಕಿನ ದುಡ್ಡು 'ಪರಿಶೀಲನೆ'ಗೆ ಕಳಿಸಿ. ಈ ಮೋಸಗಾರರು ಮೊದಲು ಕಿತ್ತುಕೊಳ್ಳುವುದು ದುಡ್ಡನ್ನಲ್ಲ. ತಡೆದು ನಿಲ್ಲುವ ಹೊತ್ತನ್ನು, ಇನ್ನೊಬ್ಬರನ್ನು ಕೇಳುವ ಅವಕಾಶವನ್ನು. ಅವೆರಡು ಹೋದರೆ ದುಡ್ಡು ತಾನಾಗಿ ಬರುತ್ತದೆ ಅಂತ ಅವರಿಗೆ ಗೊತ್ತು. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಇದೇ ಮೋಸದ ಬಗ್ಗೆ ಹೇಳುತ್ತಾ, ನಿಲ್ಲಿ, ಯೋಚಿಸಿ, ಆಮೇಲೆ ಹೆಜ್ಜೆ ಇಡಿ ಅಂದಿದ್ದರು. ಚಿಕ್ಕಮ್ಮ ಅದನ್ನು ಕೇಳಿರಲಿಲ್ಲ. ಅವಳು "ಒಂದ್ನಿಮಿಷ, ಒಲೆ ಮೇಲೆ ಹಾಲಿದೆ" ಅಂದು, ಫೋನನ್ನು ಮೇಜಿನ ಮೇಲೆ ಹಾಗೇ ಮಲಗಿಸಿ, ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಹೋಗಿ, ಅವರ ಫೋನಿನಿಂದ ನನಗೆ ಮಾಡಿದಳು.

"ಅಂಧೇರಿ ಠಾಣೆಯವರಂತೆ ಕಣೋ. ನಿನ್ನ ಮನೆಗೆ ಹತ್ರ ಏನೋ ಅದು? ಹೋಗಿ ಕೇಳ್ಕೊಂಡು ಬರ್ತೀಯಾ?"

ನನ್ನ ಕೈ ತಣ್ಣಗಾಯಿತು. ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ, ಆ ಫೋನ್ ಆಫ್ ಮಾಡು, 1930ಕ್ಕೆ ಮಾಡಿ ಹೇಳು ಅಂದೆ. ಒಂದು ರೂಪಾಯಿಯೂ ಹೋಗಲಿಲ್ಲ.

ಸಂಜೆ ಮತ್ತೆ ಫೋನ್ ಬಂತು. ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಪ್ರಶ್ನೆಗಳನ್ನು ಬರೆದುಕೊಂಡು ಕೂತಿದ್ದಳು. ಪೊಲೀಸರು ವಿಡಿಯೋದಲ್ಲಿ ಅರೆಸ್ಟ್ ಮಾಡೋಕಾಗಲ್ಲ ಅಂದ್ರೆ ಹೇಗೆ ಮಾಡ್ತಾರೆ? ನನ್ನ ಆಧಾರ್ ನಂಬರ್ ಅವರಿಗೆ ಹೇಗೆ ಗೊತ್ತಾಯ್ತು? ಬ್ಯಾಂಕಿಗೆ ಹೋಗಿ ಏನಂತ ಹೇಳಬೇಕು? ಪಕ್ಕದ ಮನೆಯವರಿಗೂ ಬಂದ್ರೆ? ಒಂದೊಂದಕ್ಕೂ ನಿಧಾನವಾಗಿ ಹೇಳಿದೆ. ಐದನೆಯದಕ್ಕೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಾದಳು.

"ಇದು ಬರ್ಕೊಂಡಿದ್ದಲ್ಲ. ಅವತ್ತು ಆ ಠೇವಣಿ ದುಡ್ಡಿನ ಮಾತಾಗ್ತಿತ್ತಲ್ಲ, ನಾನು ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ ಕಣೋ. ದುಡ್ಡು ವಾಪಸ್ ಬೇಕು ಅಂದ್ರೆ ಎಷ್ಟು ದಿನಕ್ಕೆ ಕೊಡ್ತೀರಿ ಅಂತ ಬಾಯಿಗೆ ಬಂದಿತ್ತು. ಭಾವ ಏನಂದ್ಕೋತಾರೋ ಅಂತ ಲೋಟ ಇಟ್ಟು ಒಳಗೆ ಬಂದೆ."

ನನಗೂ ಅವತ್ತು ಅದೇ ಪ್ರಶ್ನೆ ಬಂದಿತ್ತು ಅಂದೆ. ನಾನು ಜಗಲಿಯಲ್ಲೇ ಕೂತಿದ್ದೆನಲ್ಲ ಅಂದೆ.

"ಹೌದಾ?" ಅಂದಳು. ಹಾಳೆ ತಿರುಗಿಸಿದ ಸದ್ದು ಕೇಳಿಸಿತು. "ಸರಿ, ಇರು, ಐದನೇದು ಕೇಳ್ತೀನಿ."